ಇಳಿತಕ್ಕೆ ಸಿಕ್ಕ ನಾಲ್ವರು

‘ಟಪ್’ ಎಂದಿತು, ಅಷ್ಟೇ. ಮರುಕ್ಷಣ ಡಾಕ್ಟರ್ ನೀರಿನಲ್ಲಿದ್ದ. ಅವನ ಹಳದಿ ಹಾಯಿ ಒಂದು ಕಡೆ ಮಗುಚಿ ಬಿದ್ದಿತ್ತು. ಬೋರ್ಡ್ ಇನ್ನೊಂದು ಕಡೆ ಅಲೆಯ ಬೆನ್ನೇರಿ ಓಡುತ್ತಿತ್ತು. ಎರಡರ ನಡುವೆ ಅವನ ತಲೆ, ಮೇಲೆತ್ತಿದ ಒಂದು ಕೈ.

“ಹಾಯಿ ಹೋದ್ರ ಹೋಗ್ಲಿ, ಬೋರ್ಡ್ ಹಿಡೀ!” ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು. ಹಿಡಿಯುವುದು ಹೇಗೆ? ಹಾಯಿಯ ಭಾರ ಕಳಚಿಕೊಂಡ ಹಲಗೆಯನ್ನು ಗಾಳಿ ಒಂದೇ ಸಮ ತಳ್ಳಿಕೊಂಡು ಹೋಗುತ್ತದೆ. ಯಾವ ಈಜುಗಾರನಿಗೂ ಅದು ಸಿಗುವುದಿಲ್ಲ. ನಾನು ಹಾಯಿ ಹೊತ್ತ ಮಾಸ್ಟನ್ನು ಮುಂದಕ್ಕೆ ಬಾಗಿಸಿದೆ. ನನ್ನ ಬೋರ್ಡಿನ ಮೂತಿ ಗಾಳಿ ಹೋಗುವ ದಿಕ್ಕಿಗೆ ತಿರುಗಿತು. ಹಾಯಿಯ ಹಿಡಿಕೆಯಾದ ಬೂಮಿಗೆ ಇಡೀ ಮೈಯನ್ನು ನೇತುಹಾಕಿ ಬೆನ್ನಟ್ಟಿದೆ. ಇನ್ನೂರು ಮೀಟರ್ ಆಚೆ ಆ ಹಲಗೆಯನ್ನು ದಾಟಿ, ಅಡ್ಡಗಟ್ಟಿ, ಅದರ ಮೇಲೆಯೇ ಬಿದ್ದೆ. ಮೊಣಕಾಲು ಸೀಳಿತು, ಹಲಗೆ ಸಿಕ್ಕಿತು. ಹಿಂದಿರುಗಿ ನೋಡಿದರೆ ಡಾಕ್ಟರ್ ಕಾಣಿಸುತ್ತಿರಲಿಲ್ಲ.

ಅದು ಗೋವಾದ ದೋನಾ ಪಾವ್ಲಾ, ಮಾರ್ಚ್ ತಿಂಗಳ ಸಂಜೆ. ಝುವಾರಿ ನದಿ ಅಲ್ಲಿ ಅಗಲವಾಗಿ ಬಾಯಿ ತೆರೆದು ಅರಬ್ಬಿ ಸಮುದ್ರವನ್ನು ಸೇರುತ್ತದೆ. ಉತ್ತರಕ್ಕೆ ಕಾಬೊ ಭೂಶಿರ, ಅದರ ತುದಿಯಲ್ಲಿ ರಾಜಭವನ. ದಕ್ಷಿಣಕ್ಕೆ ಮುರ್ಗಾಂವ್ ಬಂದರು. ಪಶ್ಚಿಮಕ್ಕೆ ಬರೀ ನೀರು. ಧಾರವಾಡದ ನಮಗೆ ಗಾಳಿಯ ಹುಚ್ಚು ಹಿಡಿದ ಮೇಲೆ ಅನಮೋಡ ಘಾಟಿ ಇಳಿದು ಇಲ್ಲಿಗೆ ಬರುವುದು ರೂಢಿಯಾಗಿತ್ತು. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಅದರ ಮೇಲಿನ ಗಾಳಿ ಮೇಲೇರಿದರೆ, ಆ ಜಾಗ ತುಂಬಲು ಸಮುದ್ರದಿಂದ ವಾಯವ್ಯದ ಗಾಳಿ ನುಗ್ಗಿ ಬರುತ್ತದೆ. ಹದಿನೈದು ನಾಟ್ ಎಂದರೆ ಗಂಟೆಗೆ 28 ಕಿಲೋಮೀಟರ್. ಅಷ್ಟು ಗಾಳಿಗೆ ಹಲಗೆ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಆ ಸುಖ ಒಮ್ಮೆ ಕಾಲಿಗೆ ತಾಗಿದವರು ಮತ್ತೆ ಮತ್ತೆ ಘಾಟಿ ಇಳಿಯುತ್ತಾರೆ.

ನೀರಿನಲ್ಲಿ ನಾಲ್ವರಿದ್ದೆವು. ಭೂಗೋಳ ಕಲಿಸುವ ಮೇಷ್ಟ್ರು, ಡಾಕ್ಟರ್, ಶಿರಸಿಯ ಗೆಳೆಯ, ನಾನು. ಕಾಲು ಉಳುಕಿಸಿಕೊಂಡಿದ್ದ ಬೆಳಗಾವಿಯವ ಎಲ್ಲರ ಫೋನುಗಳನ್ನು ಇಟ್ಟುಕೊಂಡು ಜೆಟ್ಟಿಯ ಬಳಿ ಕೂತಿದ್ದ.

ಮುರಿದದ್ದು ಜಾಯಿಂಟ್. ಈ ಆಟದ ಜೀವವೇ ಅದು. ಹಲಗೆಗೂ ಮಾಸ್ಟಿಗೂ ನಡುವೆ ಎಲ್ಲ ದಿಕ್ಕಿಗೂ ಬಾಗುವ ಗೇಣುದ್ದದ ರಬ್ಬರ್ ತುಂಡು. ವಿಂಡ್‌ಸರ್ಫಿಂಗಿಗೆ ಚುಕ್ಕಾಣಿ ಇಲ್ಲ. ಹಾಯಿಯನ್ನು ಹಿಂದಕ್ಕೆ ವಾಲಿಸಿದರೆ ಬೋರ್ಡ್ ಗಾಳಿಗೆ ಎದುರಾಗುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿಯ ಜೊತೆ ತಿರುಗುತ್ತದೆ. ಅಮೆರಿಕದ ನ್ಯೂಮನ್ ಡಾರ್ಬಿ ನಿಂತು ನಡೆಸುವ ಹಾಯಿಹಲಗೆಯ ವಿನ್ಯಾಸವನ್ನು 1965ರಲ್ಲೇ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಮಾದರಿಯಿಂದ ಅದು ಲೋಕವೆಲ್ಲ ಹಬ್ಬಿತು. ಎಲ್ಲದರ ಕೇಂದ್ರ ಆ ಬಾಗುವ ಕೀಲು. ಅದು ತುಂಡಾದರೆ ಉಳಿಯುವುದು ಒಂದು ಹಲಗೆ ಮತ್ತು ಒಂದು ಬಟ್ಟೆ, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ.

“ಇಲ್ಲಿ! ಇಲ್ಲಿದ್ದಾನ!”

ಶಿರಸಿಯವನ ದನಿ. ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಡಾಕ್ಟರನ ಲೈಫ್ ಜಾಕೆಟ್ಟಿನ ಕಾಲರ್ ಹಿಡಿದು ಅವನು ಕೂಗುತ್ತಿದ್ದ. ಬೀಳುವಾಗ ಬೂಮ್ ಹಣೆಗೆ ಬಡಿದಿತ್ತು. ಉಪ್ಪುನೀರಿನ ಜೊತೆ ರಕ್ತ ಬೆರೆತು ಮುಖವೆಲ್ಲ ಕೆಂಪು. ಇಬ್ಬರೂ ಸೇರಿ ಅವನನ್ನು ಹಲಗೆಯ ಮೇಲೆ ಎಳೆದು ಹಾಕಿದೆವು. ಹಳದಿ ಹಾಯಿ ಅಷ್ಟರಲ್ಲಿ ಅಲೆಗಳೊಳಗೆ ಎಲ್ಲೋ ಮರೆಯಾಗಿತ್ತು.

ನನ್ನ ಬೋರ್ಡಿನ ಹಿಂದೆ ಹಗ್ಗ ಕಟ್ಟಿ ಅವನನ್ನು ಎಳೆದುಕೊಂಡು ಹೊರಟೆವು. ಐದು ನಿಮಿಷ ಸಾಗಿತು. ಆಮೇಲೆ ಹಾಯಿ ಸಡಿಲವಾಯಿತು. ಮತ್ತೆ ಬಿಗಿಯಿತು, ಮತ್ತೆ ಸಡಿಲವಾಯಿತು. ಸೂರ್ಯ ನೀರಿಗೆ ಮುಟ್ಟುವ ಹೊತ್ತಿಗೆ ಕೈಯಲ್ಲಿದ್ದ ಬೂಮಿಗೆ ಯಾವ ಎಳೆತವೂ ಇರಲಿಲ್ಲ. ನೆಲ ತಣ್ಣಗಾಗುತ್ತಿದ್ದಂತೆ ಸಮುದ್ರದ ಗಾಳಿ ಸತ್ತಿತ್ತು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ನಮಗೆಲ್ಲ ಗೊತ್ತಿತ್ತು. ಹಾಯಿ ಸುತ್ತಿ ಹಲಗೆಯ ಮೇಲಿಟ್ಟು, ಬೋರಲು ಮಲಗಿ, ಕೈಯಲ್ಲೇ ಹುಟ್ಟು ಹಾಕುವುದು. ಹಾಕಿದೆವು. ಭುಜ ಉರಿಯುವವರೆಗೆ ಹಾಕಿದೆವು. ಶಿರಸಿಯವ ತಲೆಯೆತ್ತಿ ಕಾಬೊದ ದೀಪವನ್ನು ನೋಡಿ ಹೇಳಿದ: “ನಾವು ಮುಂದೆ ಹೋಗ್ತಿಲ್ಲ. ಹಿಂದೆ ಹೋಗ್ತಾ ಇದ್ದೇವೆ.”

ಇಳಿತ. ಮಧ್ಯಾಹ್ನ ಎರಡೂವರೆಗೆ ತುಂಬಿದ್ದ ನದಿ ಈಗ ಬಸಿದು ಸಮುದ್ರಕ್ಕೆ ಹರಿಯುತ್ತಿತ್ತು. ಗಾಳಿ ಇದ್ದಷ್ಟು ಹೊತ್ತು ಅದರ ಸೆಳೆತ ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ದಣಿದವನು ಕೈಯಲ್ಲಿ ಹುಟ್ಟು ಹಾಕುವಷ್ಟೇ ವೇಗದಲ್ಲಿ ಅದು ನಮ್ಮನ್ನು ಪಡುವಲಕ್ಕೆ ಒಯ್ಯುತ್ತಿತ್ತು.

ಕತ್ತಲಾಯಿತು. ದಡದಲ್ಲಿ ಬೆಳಗಾವಿಯವ ಅಷ್ಟರಲ್ಲಿ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿದ್ದ. ದೋಣಿಗಳು ಹೊರಟಿದ್ದವು, ಆದರೆ ಮುರ್ಗಾಂವ್ ಕಡೆಗೆ. ಅವನು ಕಡೆಯ ಸಲ ನಮ್ಮನ್ನು ಕಂಡಾಗ ಗಾಳಿ ನಮ್ಮನ್ನು ಅತ್ತ ತಳ್ಳುತ್ತಿತ್ತಲ್ಲ. ದೂರದಲ್ಲಿ ಅವುಗಳ ಬೆಳಕು ನೀರನ್ನು ಗುಡಿಸುವುದು ನಮಗೆ ಕಾಣುತ್ತಿತ್ತು. ಸೀಟಿ ಊದಿದೆವು, ಎರಡೂ ತೋಳು ಚಾಚಿ ಮೇಲೆ ಕೆಳಗೆ ಬೀಸಿದೆವು. ಬೆಳಕು ಅತ್ತಲೇ ಉಳಿಯಿತು.

ಆಗ ಮೇಷ್ಟ್ರು ಮಾತಾಡಿದರು. ಅವರದು ಅಂದು ಸಂಕಷ್ಟಿ, ಬೆಳಗಿನಿಂದ ಹಾಲು-ಹಣ್ಣು ಬಿಟ್ಟು ಏನೂ ತಿಂದಿರಲಿಲ್ಲ. ದನಿ ನಡುಗುತ್ತಿತ್ತು, ಲೆಕ್ಕ ನಡುಗುತ್ತಿರಲಿಲ್ಲ. “ಚಂದ್ರೋದಯ ಒಂಬತ್ತೂಕಾಲರ ಸುಮಾರಿಗೆ. ಈ ದಂಡೆಗೆ ಚಂದ್ರ ಹುಟ್ಟಿ ಒಂದು ತಾಸಿನೊಳಗ ಇಳಿತ ಮುಗೀತದ, ಉಬ್ಬರ ಶುರುವಾಗ್ತದ. ಅಲ್ಲೀತನಕ ಕೈ ಬಡದು ಸಾಯೂದು ಬ್ಯಾಡ. ಎಲ್ಲಿದ್ದೀವೋ ಅಲ್ಲೇ ನಿಲ್ಲಬೇಕು.”

ಸಮುದ್ರದಲ್ಲಿ ಎಲ್ಲಿ ನಿಲ್ಲುವುದು?

ಅವರು ಕೈ ತೋರಿಸಿದರು. ನಮ್ಮ ಮುಂದೆ ಕೆಂಪು ದೀಪವೊಂದು ಮಿನುಗಿ ಆರುತ್ತಿತ್ತು. ಬಂದರಿನ ಕಾಲುವೆಗೆ ಗಡಿ ಹಾಕಿದ ಬೋಯಾ. ಹಡಗುಗಳು ಒಳಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ತಳಕ್ಕೆ ಸರಪಳಿಯಿಂದ ಬಿಗಿದ ಕಬ್ಬಿಣದ ಗೋಪುರಗಳು. ಇಳಿತ ನಮ್ಮನ್ನು ಅದರ ಪಕ್ಕದಿಂದಲೇ ಒಯ್ಯುವಂತಿತ್ತು. ಸಿಕ್ಕರೆ ಸಿಕ್ಕಿತು. ತಪ್ಪಿದರೆ ಮುಂದಿನ ನೆಲ ಅರೇಬಿಯಾ.

ನಾಲ್ಕೂ ಬೋರ್ಡುಗಳನ್ನು ಹಗ್ಗದಿಂದ ಬಿಗಿದೆವು. ಒಬ್ಬೊಬ್ಬರೇ ಹೋದರೆ ಒಬ್ಬನಾದರೂ ತಪ್ಪಿಹೋಗುತ್ತಿದ್ದ. ಹಣೆ ಒಡೆದ ಡಾಕ್ಟರನನ್ನು ನಡುವೆ ಇಟ್ಟೆವು. ಬೋಯಾ ಹತ್ತಿರವಾದಂತೆ ಅದರ ಸದ್ದು ಕೇಳಿಸಿತು. ನೀರು ಕಬ್ಬಿಣಕ್ಕೆ ಬಡಿದು ಭೋರ್ಗರೆಯುತ್ತಿತ್ತು. ದೂರದಿಂದ ಮೆಲ್ಲಗೆ ಕಂಡದ್ದು ಈಗ ನಮ್ಮ ಮೇಲೆ ನುಗ್ಗಿ ಬಂತು. ಐವತ್ತು ಅಡಿ. ಇಪ್ಪತ್ತು. ಎಡಕ್ಕೆ, ಇನ್ನೂ ಎಡಕ್ಕೆ! ಶಿರಸಿಯವ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನೀರಿಗೆ ಹಾರಿದ. ಮುಳುಗಿದ. ಕೆಂಪು ಬೆಳಕು ಮಿನುಗಿದಾಗ ಅವನ ಕೈ ಏಣಿಯ ಮೆಟ್ಟಿಲಿನ ಮೇಲಿತ್ತು, ಆರಿದಾಗ ಏನೂ ಕಾಣಲಿಲ್ಲ, ಮತ್ತೆ ಮಿನುಗಿದಾಗ ಅವನು ಕಬ್ಬಿಣದ ಬಳೆಗೆ ಗಂಟು ಹಾಕುತ್ತಿದ್ದ. ನಾವು ಅದನ್ನು ದಾಟಿ ಹೋಗಿಬಿಟ್ಟಿದ್ದೆವು. ಹಗ್ಗ ಬಿಗಿಯಿತು. ನಾಲ್ಕೂ ಹಲಗೆಗಳು ಒಟ್ಟಿಗೆ ಜಗ್ಗಿ, ಗಿರಕಿ ಹೊಡೆದು, ನಿಂತವು.

ನಿಂತೆವು! ಹರಿಯುವ ಸಮುದ್ರದ ನಡುವೆ ನಿಂತೆವು.

ಬೋಯಾಕ್ಕೆ ಅಂಟಿಕೊಂಡಿದ್ದ ಚಿಪ್ಪುಗಳು ಅವನ ಅಂಗೈ, ಎದೆ, ತೊಡೆಯನ್ನೆಲ್ಲ ಕೊಯ್ದಿದ್ದವು. ಅವನು ಒಂದು ಮಾತನ್ನೂ ಆಡಲಿಲ್ಲ. ಮಲೆನಾಡಿನ ಅಡಿಕೆ ತೋಟದಲ್ಲಿ ಬೆಳೆದು ದೊಡ್ಡವನಾದ ಮೇಲೆ ಈಜು ಕಲಿತವನು ಅಂದು ತೋರಿದ ಧೈರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಚಳಿ. ಮಾರ್ಚಿನ ಅರಬ್ಬಿ ನೀರು ಬೆಚ್ಚಗೇ ಇರುತ್ತದೆ. ಆದರೂ ಅದು ಮೈಯ ಬಿಸಿಗಿಂತ ಕಡಿಮೆಯೇ, ಮತ್ತು ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈಯ ಶಾಖವನ್ನು ಕದಿಯುತ್ತದೆ. ಡಾಕ್ಟರನ ಹಲ್ಲು ಕಟಕಟಿಸತೊಡಗಿತು. ಅವನನ್ನು ನೀರಿನಿಂದ ಮೇಲಿಟ್ಟು, ಎರಡೂ ಬದಿಯಿಂದ ಒತ್ತಿ ಮಲಗಿ, ನಿದ್ದೆಗೆ ಜಾರದಂತೆ ಮಾತಾಡಿಸಿದೆವು. ಮೇಷ್ಟ್ರು ಏರ್ ಫ್ರಾನ್ಸ್ ಪೈಲಟ್ ಕ್ರಿಶ್ಚಿಯನ್ ಮಾರ್ಟಿಯ ಕಥೆ ಹೇಳಿದರು. 1981ರ ಡಿಸೆಂಬರಿನಲ್ಲಿ ಸೆನೆಗಲ್ಲಿನ ಡಾಕಾರಿನಿಂದ ಹೊರಟು, 37 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಫ್ರೆಂಚ್ ಗಯಾನಾದ ಕೂರೂ ತಲುಪಿದವನು. ಜೊತೆಗೆ ದೋಣಿಯಿದ್ದರೂ ರಾತ್ರಿ ತನ್ನ ಹಲಗೆಯ ಮೇಲೇ ಮಲಗುತ್ತಿದ್ದ. “ನಾವು ಒಂದು ರಾತ್ರಿ ಕಳೀಲಿಕ್ಕೆ ಆಗೂದಿಲ್ಲೇನು?” ಎಂದರು. ಅದೇ ಮಾರ್ಟಿ 2000ದ ಜುಲೈ 25ರಂದು ಪ್ಯಾರಿಸ್ ಬಳಿ ಉರಿದು ಬಿದ್ದ ಕಾಂಕಾರ್ಡ್ ವಿಮಾನದ ಕ್ಯಾಪ್ಟನ್ ಆಗಿದ್ದನೆಂಬುದನ್ನು ಮೇಷ್ಟ್ರು ಆಗ ಹೇಳಲಿಲ್ಲ. ನನ್ನ ತಲೆಯಲ್ಲಿ ಇನ್ನೊಬ್ಬ ಫ್ರೆಂಚ್ ಸಾಹಸಿ ಕೂತಿದ್ದ, ಅರ್ನೋ ದ ರೋನೆ. ಬೇರಿಂಗ್ ಜಲಸಂಧಿಯನ್ನು ಹಾಯಿಹಲಗೆಯಲ್ಲಿ ದಾಟಿದ ಗಟ್ಟಿಗ, 1984ರ ನವೆಂಬರಿನಲ್ಲಿ ಚೀನಾದ ಕರಾವಳಿಯಿಂದ ತೈವಾನಿನ ಕಡೆ ಒಬ್ಬನೇ ಹೊರಟ. ಮತ್ತೆ ಯಾರೂ ಅವನನ್ನು ಕಾಣಲಿಲ್ಲ. ಆ ಹೆಸರನ್ನು ನಾನು ನುಂಗಿಕೊಂಡೆ.

ಎಂಟೂವರೆ ದಾಟಿರಬೇಕು. ಕಬ್ಬಿಣದಲ್ಲಿ ಮೊದಲು ನಡುಕ ಬಂತು, ಆಮೇಲೆ ಎಂಜಿನ್ನಿನ ಗುಡುಗು. ಉತ್ತರದಿಂದ ಕಾಬೊವನ್ನು ಬಳಸಿಕೊಂಡು ಬಾರ್ಜ್ ಒಂದು ಬರುತ್ತಿತ್ತು. ಮೊದಲು ಖುಷಿಯಿಂದ ಕೂಗಿದೆವು. ಅದರ ಹಸಿರು ದೀಪವೂ ಕೆಂಪು ದೀಪವೂ ಒಟ್ಟಿಗೆ ಕಾಣತೊಡಗಿದಾಗ ಕೂಗು ಗಂಟಲಲ್ಲೇ ನಿಂತಿತು. ಎರಡೂ ಬದಿಯ ದೀಪಗಳು ಒಟ್ಟಿಗೆ ಕಂಡವೆಂದರೆ ಅದರ ಮೂತಿ ನೇರ ನಮ್ಮ ಕಡೆಗಿದೆ. ಸೀಟಿ ಊದಿದೆವು. ಎಂಜಿನ್ನಿನ ಅಬ್ಬರದಲ್ಲಿ ಅದು ನಮಗೇ ಕೇಳಿಸಲಿಲ್ಲ. ಕಪ್ಪು ಗೋಡೆ ಬೆಳೆಯಿತು, ನಕ್ಷತ್ರಗಳನ್ನು ಮುಚ್ಚಿತು. “ಬೋಯಾದ ಹಿಂದಕ್ಕ! ಹಿಂದಕ್ಕ!” ಹಗ್ಗ ಜಗ್ಗಿ, ಚಿಪ್ಪಿಗೆ ಮೈಯೊಡ್ಡಿ, ಗೋಪುರದ ಆಚೆಗೆ ಸರಿದೆವು. ಬಾರ್ಜ್ ತಿರುಗಿತು. ಕೆಂಪು ದೀಪ ಮರೆಯಾಗಿ ಹಸಿರೊಂದೇ ಉಳಿಯಿತು. ಡೀಸೆಲ್ ವಾಸನೆ ಮುಖಕ್ಕೆ ರಾಚುವಷ್ಟು ಹತ್ತಿರದಲ್ಲಿ ಅದು ಹಾದುಹೋಯಿತು.

ಅದು ಎಬ್ಬಿಸಿದ ಅಲೆ ಬಂದಿದ್ದು ಆಮೇಲೆ. ಮೊದಲನೆಯದು ನಮ್ಮನ್ನು ಎತ್ತಿತು. ಎರಡನೆಯದು ಬೋಯಾಕ್ಕೆ ಅಪ್ಪಳಿಸಿತು. ಮೂರನೆಯದಕ್ಕೆ ಹಲಗೆಗಳ ನಡುವಿನ ಕಟ್ಟು ಹರಿಯಿತು. ಡಾಕ್ಟರ್ ಮಲಗಿದ್ದ ಬೋರ್ಡ್ ಕತ್ತಲೊಳಕ್ಕೆ ಜಾರಿತು.

ಮೇಷ್ಟ್ರು ಯೋಚಿಸಲಿಲ್ಲ. ಬೆಳಗಿನಿಂದ ಉಪವಾಸವಿದ್ದ ಆ ಮನುಷ್ಯ ನೀರಿಗೆ ಬಿದ್ದು ಡಾಕ್ಟರನ ಪಾದ ಹಿಡಿದರು. ನಾನು ಮೇಷ್ಟ್ರ ಹಾರ್ನೆಸ್ಸಿನ ಕೊಂಡಿ ಹಿಡಿದೆ. ಶಿರಸಿಯವ ನನ್ನ ಸೊಂಟ ಹಿಡಿದ. ಅವನ ಇನ್ನೊಂದು ಕೈ ಬೋಯಾದ ಏಣಿಯ ಮೇಲಿತ್ತು. ಕಬ್ಬಿಣದಿಂದ ಕಡಲಿನವರೆಗೆ ನಾಲ್ಕು ಮೈಗಳ ಸರಪಳಿ, ಅದರ ತುದಿಯಲ್ಲಿ ಇಳಿತದ ಜಗ್ಗಾಟ. ಎಷ್ಟು ಹೊತ್ತು ಹಾಗಿದ್ದೆವೋ! ನನ್ನ ಬೆರಳುಗಳು ಮರಗಟ್ಟಿದವು. ಹಿಡಿದಿದ್ದೇನೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿಯಬೇಕಾಯಿತು. ಒಂದೊಂದೇ ಗೇಣು ಎಳೆದುಕೊಂಡೆವು. ಡಾಕ್ಟರ್ ಮತ್ತೆ ನಡುವೆ ಬಂದ. “ಎಲ್ಲಾರೂ ಇದ್ದೀರೇನ್ರೋ?” ಎಂದ. ಅಷ್ಟು ಹೊತ್ತಿನಲ್ಲಿ ಅವನಾಗಿಯೇ ಆಡಿದ ಮೊದಲ ಮಾತು ಅದು.

ಪೂರ್ವದಲ್ಲಿ ಗುಡ್ಡಗಳ ಮೇಲೆ ಕೆಂಪು ಬೆಳಕು. ಚಂದ್ರ ಹುಟ್ಟಿದ. ಮೇಷ್ಟ್ರು ಬೊಗಸೆಯಲ್ಲಿ ಕಡಲ ನೀರನ್ನೇ ಎತ್ತಿ ಅರ್ಘ್ಯ ಬಿಟ್ಟರು. ಶಿರಸಿಯವ ತನ್ನ ಹಾರ್ನೆಸ್ಸಿನ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಎರಡು ಧಾರವಾಡ ಪೇಡೆ ತೆಗೆದ. ಉಪ್ಪು ಇಳಿದು ಮೆತ್ತಗಾಗಿದ್ದವು. ಬಾಯಾರಿಕೆ ಹೆಚ್ಚುತ್ತದೆ, ಚೂರೇ ತಿನ್ನಿ ಎಂದು ಡಾಕ್ಟರ್ ಎಚ್ಚರಿಸಿದ. ನಾಲ್ಕು ಪಾಲಾಯಿತು. ಮೇಷ್ಟ್ರ ಸಂಕಷ್ಟಿ ಹಾಗೆ ಮುಗಿಯಿತು.

ಮತ್ತೆ ಕಾದೆವು. ಬೋಯಾಕ್ಕೆ ಬಡಿಯುತ್ತಿದ್ದ ನೀರಿನ ಸದ್ದು ತಗ್ಗಿತು. ಬಿಗಿದಿದ್ದ ಹಗ್ಗ ಸಡಿಲಾಗಿ ನೀರಿಗೆ ಇಳಿಬಿತ್ತು. ಹಲಗೆಗಳು ಅತ್ತಿತ್ತ ಅಲೆದಾಡಿ, ಮೆಲ್ಲಗೆ, ಬೋಯಾದ ಮೂಡಣ ಮಗ್ಗುಲಿಗೆ ತಿರುಗಿದವು. ನೀರು ತಿರುಗಿತ್ತು! ಮೇಷ್ಟ್ರ ಪಂಚಾಂಗ ಸುಳ್ಳಾಗಲಿಲ್ಲ.

ಸುತ್ತಿದ ಹಾಯಿ, ಮಾಸ್ಟುಗಳನ್ನು ಬೋಯಾಕ್ಕೇ ಕಟ್ಟಿ ಬಿಟ್ಟು ಬರೀ ಹಲಗೆಗಳ ಮೇಲೆ ಹೊರಟೆವು. ಇನ್ನೊಂದು ಭಯವಿತ್ತು. ತಡರಾತ್ರಿ ನೆಲದಿಂದ ಸಮುದ್ರಕ್ಕೆ ಗಾಳಿ ಬೀಸತೊಡಗುತ್ತದೆ. ಅದು ಬಲಗೊಳ್ಳುವ ಮೊದಲೇ ದಡ ಮುಟ್ಟಬೇಕು. ಕಾಬೊದ ಉತ್ತರಕ್ಕೆ ಸರಿದರೆ ಉಬ್ಬರ ನಮ್ಮನ್ನು ಮಾಂಡವಿ ನದಿಯ ಕಡೆಗೆ ಎಳೆಯುತ್ತದೆ, ಭೂಶಿರಕ್ಕೆ ತೀರ ಹತ್ತಿರ ಹೋದರೆ ಬಂಡೆಗಳು. ಚಂದ್ರನನ್ನು ಬಲಗಣ್ಣಿಗೆ, ರಾಜಭವನದ ದೀಪವನ್ನು ಎಡಗಣ್ಣಿಗೆ ಇಟ್ಟುಕೊಂಡು ಹುಟ್ಟು ಹಾಕಿದೆವು. ಇಪ್ಪತ್ತು ಎಣಿಸುವುದು, ಉಸಿರು, ಮತ್ತೆ ಇಪ್ಪತ್ತು. ಈ ಸಲ ದೀಪಗಳು ದೊಡ್ಡವಾಗುತ್ತಿದ್ದವು. ಎದುರಿನಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗಿದಾಗ ಎಣಿಕೆಯನ್ನು ಮೂವತ್ತಕ್ಕೆ ಏರಿಸಿದೆವು.

ಜೆಟ್ಟಿಯ ಬುಡದಲ್ಲಿ ಬೆಳಗಾವಿಯವ ಉಳುಕಿದ ಕಾಲಲ್ಲೇ ಸೊಂಟದವರೆಗೆ ನೀರಿಗಿಳಿದು ನಿಂತಿದ್ದ. ತಲೆ ಎಣಿಸಿದ, ಇನ್ನೊಮ್ಮೆ ಎಣಿಸಿದ, ಆಮೇಲೆ ಫೋನಿನಲ್ಲಿ ಕೋಸ್ಟ್ ಗಾರ್ಡಿಗೆ ನಾಲ್ವರೂ ಬಂದರು ಎಂದು ಹೇಳಲು ಹೋಗಿ ಅಳುತ್ತ ಕೂತುಬಿಟ್ಟ. ಫೋನನ್ನು ನಾನು ತೆಗೆದುಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರನ ಹಣೆಗೆ ಹೊಲಿಗೆ ಹಾಕುವಾಗ ಅವನೇ ಸೂಜಿಯ ಬಗ್ಗೆ ಸಲಹೆ ಕೊಡುತ್ತಿದ್ದ.

ಬೆಳಿಗ್ಗೆ, ಗಾಳಿ ಏಳುವ ಮೊದಲು, ಮೀನುಗಾರರೊಬ್ಬರ ದೋಣಿಯಲ್ಲಿ ಮೇಷ್ಟ್ರು, ಶಿರಸಿಯವ, ನಾನು ಬೋಯಾದ ಬಳಿಗೆ ಹೋದೆವು. ಮೂರು ಹಾಯಿಗಳೂ ಇದ್ದವು. ಶಿರಸಿಯವ ಹಾಕಿದ್ದ ಗಂಟನ್ನು ಅವನಿಂದಲೇ ಬಿಚ್ಚಲಾಗಲಿಲ್ಲ. ದೋಣಿಯವರು ಚೂರಿಯಿಂದ ಕೊಯ್ದು ಕೊಟ್ಟರು, ಹಣ ಬೇಡವೆಂದರು. ಮಧ್ಯಾಹ್ನದ ಪಾಳಿಗೆ ಹಾಜರಾಗಬೇಕಿದ್ದ ಡಾಕ್ಟರ್, ತಲೆಗೆ ಪಟ್ಟಿ ಕಟ್ಟಿಕೊಂಡೇ, ಆಗಲೇ ಧಾರವಾಡದ ಬಸ್ಸು ಹತ್ತಿದ್ದ.