ಔಷಧಿ ಕೊಡುವವಳು

ನಮ್ಮ ಮನೆಯ ಮೊಲ ಗುಂಡನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನಾನು ಕೋಣೆಗೆ ಕಾಲಿಟ್ಟರೆ ಸಾಕು, ಹಿಂಗಾಲನ್ನು ಧಪ್ಪೆಂದು ನೆಲಕ್ಕೆ ಬಡಿದು ಮಂಚದ ಕೆಳಗೆ ಸೇರಿಬಿಡುತ್ತಾನೆ. ಬಿಲದಲ್ಲಿರುವ ನೆಂಟರಿಷ್ಟರಿಗೆ ಅಪಾಯದ ಸುದ್ದಿ ಮುಟ್ಟಿಸಲು ಮೊಲಗಳು ಹೀಗೆ ಕಾಲು ಬಡಿಯುತ್ತವಂತೆ. ನಮ್ಮ ಗುಂಡನಿಗೆ ನೆಂಟರೂ ಇಲ್ಲ, ಬಿಲವೂ ಇಲ್ಲ. ಅಪಾಯ ಮಾತ್ರ ಇದೆ, ಅದು ನಾನು. ಅವನು ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಕೂತು ಉಳಿಸಿಕೊಂಡವಳೂ ನಾನೇ. ಇದರಿಂದ ನನ್ನೊಳಗೆ ಎದ್ದ ಸಂಕಟದ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಅದರಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದು ಕಡಿಮೆ.

ಮೊಲ ಬೇಕೆಂದು ಹಟ ಹಿಡಿದು ತಂದವಳು ಮಗಳು. ಅವಳು ಓದಲು ಪುಣೆಗೆ ಹೋದಳು, ಮೊಲ ನಮ್ಮ ಪಾಲಿಗೆ ಬಂತು. ಹಾಸನದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಗೆ ಮೊಲವೆಂದರೆ ಹೊಲದ ಬದುವಿನಿಂದ ಎದ್ದು ಕಣ್ಣುಮುಚ್ಚಿ ತೆಗೆಯುವುದರೊಳಗೆ ಮಾಯವಾಗುವ ಪ್ರಾಣಿ. ಅದು ಬೇರೆ ಜಾತಿ, ಕಾಡುಮೊಲ; 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಸಾಕುವ ಹಾಗಿಲ್ಲ. ನಾವು ಸಾಕುವ ಮೊಲಗಳ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ಇದನ್ನೆಲ್ಲ ಅತ್ತೆಗೆ ವಿವರಿಸಿದರೆ, "ಯಾವ ದೇಶದ್ದಾದ್ರೂ ಮೊಲ ಮೊಲಾನೇ ಅಲ್ವೇನಮ್ಮಾ" ಅಂದರು. ತಿಂಡಿ ವೇಳೆಗೆ ಕೊತ್ತಂಬರಿ ಕಡ್ಡಿ ಮಾತ್ರ ಮರೆಯದೆ ತೆಗೆದಿಡುತ್ತಿದ್ದರು.

ಆ ಕೊತ್ತಂಬರಿಯನ್ನೇ ಒಂದು ಸಂಜೆ ಅವನು ಮೂಸಿ ಮುಖ ತಿರುಗಿಸಿದ. ಮೂಲೆಯಲ್ಲಿ ಮೈ ಮುದುಡಿ ಕೂತಿದ್ದ, ಕಣ್ಣು ಅರ್ಧ ಮುಚ್ಚಿತ್ತು. ಹತ್ತಿರ ಬಗ್ಗಿದರೆ ಕಟಕಟನೆ ಹಲ್ಲು ಮಸೆಯುವ ಸದ್ದು. ಕಿವಿ ಮುಟ್ಟಿದರೆ ತಣ್ಣಗೆ. ಟ್ರೇಯಲ್ಲಿ ಬೆಳಿಗ್ಗೆಯಿಂದ ಒಂದು ಹಿಕ್ಕೆಯೂ ಬಿದ್ದಿರಲಿಲ್ಲ. "ಸೆಕೆಗಿರಬೇಕು, ನಾಳೆ ನೋಡೋಣ" ಅಂದರು ಯಜಮಾನರು.

ನಾಳೆ ನೋಡೋಣ ಅನ್ನಲು ಇದು ನಾಯಿ ಬೆಕ್ಕಿನ ಹೊಟ್ಟೆಯಲ್ಲ. ನಾಯಿ ಒಂದು ದಿನ ಊಟ ಬಿಟ್ಟರೆ ಸಾಮಾನ್ಯವಾಗಿ ಮರುದಿನ ತಾನೇ ಸರಿಹೋಗುತ್ತದೆ. ಮೊಲಕ್ಕೆ ಹುಲ್ಲಿನ ನಾರು ಒಳಗೆ ಹೋಗುತ್ತಲೇ ಇರಬೇಕು, ಕರುಳು ಚಲಿಸುತ್ತಲೇ ಇರಬೇಕು. ಸಣ್ಣ ಕರುಳು ದೊಡ್ಡ ಕರುಳು ಸೇರುವಲ್ಲಿ ಅದಕ್ಕೆ ಸೀಕಮ್ ಎಂಬ ದೊಡ್ಡ ಚೀಲವಿದೆ; ನಮ್ಮಲ್ಲಿ ಅಪೆಂಡಿಕ್ಸ್ ಜೋತುಬಿದ್ದಿರುವ ಆ ಚಿಕ್ಕ ಜಾಗವೇ ಮೊಲದಲ್ಲಿ ಹೊಟ್ಟೆಯ ಬಹುಪಾಲನ್ನು ತುಂಬಿಕೊಂಡಿರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಹುದುಗಿದ್ದು ಮೆತ್ತನೆಯ ಗೊಂಚಲಾಗಿ ಹೊರಬರುವಾಗ ಮೊಲ ಬಗ್ಗಿ ನೇರ ಬಾಯಿಗೇ ತೆಗೆದುಕೊಂಡು ನುಂಗುತ್ತದೆ. ಬಿ ಗುಂಪಿನ ವಿಟಮಿನ್ನು, ಪ್ರೊಟೀನು ಅದಕ್ಕೆ ದಕ್ಕುವುದು ಹಾಗೆ. ಒಮ್ಮೆ ಇದನ್ನು ಕಣ್ಣಾರೆ ಕಂಡ ಅತ್ತೆ "ರಾಮ ರಾಮಾ" ಎಂದು ಆ ದಿನವೆಲ್ಲ ಕೋಣೆಯ ಕಡೆ ಸುಳಿಯಲಿಲ್ಲ.

ಹಲ್ಲು ನೋವೋ, ಸೆಕೆಯೋ, ಹೆದರಿಕೆಯೋ, ನಾರು ಸಾಲದ ಆಹಾರವೋ, ಯಾವುದೋ ಕಾರಣಕ್ಕೆ ತಿನ್ನುವುದು ನಿಂತರೆ ಕರುಳು ಮಂದವಾಗುತ್ತದೆ. ಒಳಗಿದ್ದದ್ದು ನೀರಾರಿ ಗಟ್ಟಿಯಾಗುತ್ತದೆ, ಗ್ಯಾಸ್ ತುಂಬುತ್ತದೆ, ಆ ನೋವಿಗೆ ಮೊಲ ತಿನ್ನಲು ಇನ್ನಷ್ಟು ಹಿಂಜರಿಯುತ್ತದೆ. ವಾಂತಿ ಮಾಡಿ ಹಗುರಾಗೋಣವೆಂದರೆ ಮೊಲಕ್ಕೆ ವಾಂತಿಯೇ ಬರುವುದಿಲ್ಲ. ಹೀಗೇ ಬಿಟ್ಟರೆ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಕೈಮೀರಿ ಹೋಗುತ್ತದೆ. ಡಾಕ್ಟರುಗಳು ಇದನ್ನು ಜಿಐ ಸ್ಟೇಸಿಸ್ ಅನ್ನುತ್ತಾರೆ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದ ಮೊಲವನ್ನು ಹೊತ್ತುಕೊಂಡು ಓಡಬೇಕು.

ಓಡಿದೆವು. ಹತ್ತಿರದ ಕ್ಲಿನಿಕ್ಕಿನಲ್ಲಿ "ಮೊಲ ನಾವು ನೋಡಲ್ಲ ಮೇಡಂ" ಅಂದರು. ಮೊಲ, ಗಿಳಿ, ಆಮೆ ನೋಡುವ ಡಾಕ್ಟರು ಸಿಕ್ಕಿದ್ದು ಬೆಂಗಳೂರಿನ ಇನ್ನೊಂದು ಮೂಲೆಯಲ್ಲಿ. ಸಣ್ಣ ವಯಸ್ಸಿನ ಹುಡುಗಿ, ಕೈ ಮಾತ್ರ ಬಹಳ ನಿಧಾನ. ಮೊಲದ ಮೈ 38.5ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಇರಬೇಕು, ಗುಂಡನದು ಅದಕ್ಕಿಂತ ಇಳಿದಿತ್ತು. ಮೊದಲು ಬೆಚ್ಚಗೆ ಮಾಡಿದಳು. ಎಕ್ಸ್‌ರೇಯಲ್ಲಿ ಗ್ಯಾಸು ಕಪ್ಪು ಗುಳ್ಳೆಗಳಾಗಿ ಕಂಡಿತು. ಕರುಳಿಗೆ ಏನಾದರೂ ಅಡ್ಡ ಸಿಕ್ಕಿಕೊಂಡಿದೆಯೇ ಎಂದು ತಿಳಿಯಲು ರಕ್ತದ ಸಕ್ಕರೆಯನ್ನೂ ನೋಡಿದಳು. ಅಡ್ಡ ಇದ್ದರೆ ಅದು ವಿಪರೀತ ಏರಿರುತ್ತದಂತೆ. ಏರಿರಲಿಲ್ಲ. ಚರ್ಮದಡಿಗೆ ಗ್ಲೂಕೋಸ್ ಬಾಟಲಿಯಂಥದ್ದೇ ದ್ರವ ಹಾಕಿ, ನೋವಿಗೆ ಮೆಲಾಕ್ಸಿಕ್ಯಾಮ್ ಕೊಟ್ಟಳು. ಯಜಮಾನರು ಎಲ್ಲ ಕಾಯಿಲೆಗೂ ಕೇಳುವ ಪ್ರಶ್ನೆ ಕೇಳಿದರು: "ಆ್ಯಂಟಿಬಯೋಟಿಕ್ ಬೇಡ್ವಾ ಡಾಕ್ಟ್ರೇ?" ಮನೆಯಲ್ಲಿ ಮಕ್ಕಳಿಗೆ ಕುಡಿಸುವ ಅಮಾಕ್ಸಿಸಿಲಿನ್ ಸಿರಪ್ಪನ್ನು ಮೊಲದ ಬಾಯಿಗೆ ಹಾಕಿದರೆ ಸೀಕಮ್ಮಿನ ಒಳ್ಳೆಯ ಜೀವಿಗಳೆಲ್ಲ ಸತ್ತು ಮೊಲವೂ ಸಾಯಬಹುದು ಎಂದು ಅವಳು ಹೇಳಿದ ಮೇಲೆ ಸುಮ್ಮನಾದರು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಮೇಡಂ, ಇನ್ನು ತಿನ್ನಿಸೋದು ನಿಮ್ಮ ಕೆಲಸ" ಅಂದಳು.

ಆ ಕೆಲಸ ಹೇಗಿರುತ್ತದೆಂದು ಹೇಳುತ್ತೇನೆ. ಮೇಜಿನ ಮೇಲೆ ದೊಡ್ಡ ಟವೆಲ್ ಹಾಸಿ, ಮೊಲವನ್ನು ನಡುವೆ ಕೂರಿಸಿ, ಮುಖವಷ್ಟೇ ಹೊರಗುಳಿಯುವ ಹಾಗೆ ಎರಡೂ ಕಡೆಯಿಂದ ಬಿಗಿಯಾಗಿ ಸುತ್ತಬೇಕು. ಸಡಿಲಾದರೆ ಒದ್ದು ಹಾರುತ್ತದೆ. ಹಾಗೆ ಹಾರಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವ ಬಲ ಅದರ ಹಿಂಗಾಲಿಗಿದೆ. ಹುಲ್ಲಿನ ಪುಡಿಯನ್ನು ಬೆಚ್ಚನೆ ನೀರಲ್ಲಿ ಕಲಸಿ ಸಿರಿಂಜಿಗೆ ಎಳೆದುಕೊಳ್ಳಬೇಕು. ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವೆ ಮೊಲದ ಬಾಯಲ್ಲಿ ಹಲ್ಲಿಲ್ಲದ ಒಂದು ಸಂದಿಯಿದೆ. ತುಟಿಯ ಪಕ್ಕದಿಂದ ಬೆರಳು ತೂರಿಸಿ ಆ ಸಂದಿ ಹುಡುಕಿ, ಸಿರಿಂಜಿನ ಮೂತಿ ಅಲ್ಲಿಟ್ಟು, ಒಂದು ಎಂಎಲ್ ಒತ್ತಿ, ನಿಲ್ಲಿಸಿ, ಅಗಿದು ನುಂಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಬೆನ್ನ ಹಿಂದಿನದೂ ಅದಕ್ಕೆ ಕಾಣುತ್ತದೆ, ಮೂಗಿನ ತುದಿಯಲ್ಲಿರುವುದು ಕಾಣುವುದಿಲ್ಲ. ಸಿರಿಂಜು ಬರುವುದು ಸರಿಯಾಗಿ ಆ ಕುರುಡು ಜಾಗಕ್ಕೆ. ಏನು ಬರುತ್ತಿದೆಯೆಂದು ಅವನಿಗೆ ಗೊತ್ತಾಗುವ ಹೊತ್ತಿಗೆ ಅದು ಬಾಯೊಳಗಿರುತ್ತಿತ್ತು. ನನ್ನ ಎಡಗೈ ಅವನ ಎದೆಯ ಕೆಳಗಿರುತ್ತಿತ್ತು. ಎಣಿಸಲಾಗದಷ್ಟು ವೇಗವಾಗಿ ಒಳಗೆ ಬಡಿದುಕೊಳ್ಳುತ್ತಿತ್ತು.

ಶುಶ್ರೂಷೆ ಎಂದು ನಾನಂದುಕೊಂಡಿದ್ದನ್ನು ಅವನು ಏನೆಂದುಕೊಂಡಿದ್ದನೋ. ಮೊಲ ಬೇಟೆಗೆ ಬೀಳುವ ಪ್ರಾಣಿ. ನೋವನ್ನು ತೋರಿಸಿಕೊಂಡ ಮೊಲವನ್ನೇ ನರಿ ಮೊದಲು ಹಿಡಿಯುತ್ತದೆ, ಅದಕ್ಕೇ ಅದು ಸಾಯುವಷ್ಟಾಗುವವರೆಗೂ ಏನೂ ಆಗಿಲ್ಲವೆಂಬ ಹಾಗೆ ಕೂತಿರುತ್ತದೆ. ಯಾರಿಂದ ನೋವು ಮುಚ್ಚಿಡಬೇಕಿತ್ತೋ ಅವರೇ ಮೇಲಿನಿಂದ ಕೈ ಚಾಚಿ, ಎತ್ತಿ, ಅಲುಗಾಡದಂತೆ ಸುತ್ತಿ, ಬಾಯಿಗೆ ಏನನ್ನೋ ತುರುಕುತ್ತಾರೆ. ಮತ್ತೆ ಕೆಲವು ಗಂಟೆಗೆ ಬರುತ್ತಾರೆ. ಬೋಧಿಸತ್ವ ಮೊಲವಾಗಿ ಹುಟ್ಟಿ, ಅತಿಥಿಯ ಹಸಿವಿಗೆ ತನ್ನ ಮೈಯನ್ನೇ ಬೆಂಕಿಗೆ ಕೊಡಹೊರಟ ಜಾತಕ ಕಥೆ ಆ ದಿನಗಳಲ್ಲಿ ನೆನಪಾಗುತ್ತಿತ್ತು. ಚಂದ್ರನಲ್ಲಿ ಕಾಣುವುದು ಅದರ ಗುರುತೇ ಅಂತೆ. ಆ ಮೊಲ ತಾನಾಗಿ ಹಾರಿತ್ತು. ನನ್ನದು ಮೈ ಕೊಡಲು ಒಪ್ಪಿದ್ದೇ ಇಲ್ಲ.

ಇಷ್ಟು ತಿಳಿದಿದ್ದೂ ನನಗೆ ಬೇಕಾಗಿದ್ದು ಏನು? ಕೃತಜ್ಞತೆ. ಹುಷಾರಾದ ಮೇಲೆ ಒಂದು ಸಲವಾದರೂ ಬಂದು ಕೈ ನೆಕ್ಕಲಿ ಎಂದು ಕಾದೆ. ಅವನು ಹೋಗಿ ಕೂತಿದ್ದು ಯಜಮಾನರ ಕಾಲ ಬಳಿ. ಅವರು ಒಂದು ಡೋಸೂ ಕೊಟ್ಟವರಲ್ಲ. ಸೋಫಾದಲ್ಲಿ ಪೇಪರ್ ಹಿಡಿದು ಕೂರುವುದಷ್ಟೇ ಅವರ ಸೇವೆ. ಅದಕ್ಕೂ ಮುಂಚೆ ಕದ್ದು ಬಿಸ್ಕತ್ತಿನ ಚೂರು ಹಾಕುತ್ತಿದ್ದವರೂ ಅವರೇ. ಅವರ ಪಾದಕ್ಕೆ ಗದ್ದ ಉಜ್ಜುವುದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಾಗ ನನಗಾದದ್ದು ಹೊಟ್ಟೆಕಿಚ್ಚು, ಶುದ್ಧ ಹೊಟ್ಟೆಕಿಚ್ಚು. ಐವತ್ತು ದಾಟಿದ ಹೆಂಗಸು, ಬ್ಯಾಂಕಿನಲ್ಲಿ ದಿನಕ್ಕೆ ನೂರು ಜನರಿಗೆ ಉತ್ತರ ಹೇಳುವವಳು, ಮೊಲದ ಮೇಲೆ ಮುನಿಸಿಕೊಂಡು ಅವತ್ತಿನ ಕೊತ್ತಂಬರಿ ಹಾಕದೆ ಫ್ರಿಜ್ಜಿಗೆ ವಾಪಸ್ ಇಟ್ಟೆ. ಅತ್ತೆ ನೋಡಿ, ಏನೂ ಹೇಳದೆ ತೆಗೆದು ಹಾಕಿದರು.

ಕೃತಜ್ಞತೆ ಮೊಲದಿಂದ ಸಿಗದಿದ್ದಾಗ ಬೇರೆ ಕಡೆಯಿಂದ ವಸೂಲಿ ಮಾಡಿಕೊಂಡೆ. ಬ್ಯಾಂಕಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ರಾತ್ರಿ ನಿದ್ದೆಗೆಟ್ಟದ್ದನ್ನು ಹೇಳುತ್ತಿದ್ದೆ, ಬೇಕೆಂದೇ ಸಹಜವಾಗಿ, ಮಾತಿನ ನಡುವೆ ಬಂದ ಹಾಗೆ. "ನಿಮ್ಮಂಥೋರು ಅಪರೂಪ ಮೇಡಂ" ಅಂದಾಗ ಛೆ ಛೆ ಅಂದು, ಆ ಮಾತನ್ನು ಸಂಜೆಯವರೆಗೆ ಬಾಯಲ್ಲಿಟ್ಟ ಏಲಕ್ಕಿಯಂತೆ ಆಡಿಸುತ್ತಿದ್ದೆ. ಮನೆಗೆಲಸದ ಹೆಂಗಸು ಆಸ್ಪತ್ರೆ ಖರ್ಚು ಎಷ್ಟಾಯಿತೆಂದು ಕೇಳಿದಾಗ ಮಾತ್ರ ನಿಜ ಹೇಳಲಿಲ್ಲ, ಕಾಲು ಭಾಗ ಹೇಳಿದೆ. ಅವಳ ಮಗನ ಟ್ಯೂಷನ್ ಫೀಸಿಗೆ ಸಾಲ ಕೇಳಿದಾಗ ಮುಂದಿನ ತಿಂಗಳು ನೋಡೋಣ ಅಂದಿದ್ದವಳು ನಾನು. ಬ್ಯಾಂಕಿನಲ್ಲಿ ಹೆಮ್ಮೆಯಿಂದ ಹೇಳುವ ಕೆಲಸದ ಬೆಲೆಯನ್ನು ಅಡುಗೆಮನೆಯಲ್ಲಿ ಮುಚ್ಚಿಡುವವಳ ಮನಸ್ಸಿನಲ್ಲಿ ಕರುಣೆಯ ಜೊತೆ ಇನ್ನೇನೋ ಇರಲೇಬೇಕು. ಸಾಲ ಆಮೇಲೆ ಕೊಟ್ಟೆ. ಕೊಡುವಾಗ ಅವಳ ಮುಖ ನೋಡಲಿಲ್ಲ.

ಇನ್ನೊಂದನ್ನು ಯಾರಿಗೂ ಹೇಳಿಲ್ಲ. ಕಾಯಿಲೆ ಉಲ್ಬಣಿಸಿದ ರಾತ್ರಿ ಮೂರನೇ ಜಾವದ ಹೊತ್ತಿಗೆ, ಸಿರಿಂಜಿನಲ್ಲಿ ಕೊಟ್ಟದ್ದೆಲ್ಲ ಗಲ್ಲದಿಂದ ಜಾರಿ ಟವೆಲಿಗೆ ಇಳಿಯುತ್ತಿದ್ದಾಗ, ಬೆಳಗಾಗುವುದರೊಳಗೆ ಹೋಗಿಬಿಡಲಿ ದೇವರೇ ಅಂದುಕೊಂಡೆ. ಅವನ ನೋವು ಮುಗಿಯಲಿ ಎಂದೇ ಅಂದುಕೊಂಡೆ ಎಂದು ಮರುದಿನ ನನಗೆ ನಾನೇ ಹೇಳಿಕೊಂಡಿದ್ದುಂಟು. ಆ ಗಳಿಗೆಯಲ್ಲಿ ನನ್ನ ಕಣ್ಮುಂದೆ ಇದ್ದದ್ದು ನನ್ನ ಹಾಸಿಗೆ. ಮರುದಿನ ಆಡಿಟ್ ಇತ್ತು.

ಬೆಳಗಿನ ಜಾವ ಟ್ರೇಯಲ್ಲಿ ಹಿಕ್ಕೆ ಬಿದ್ದಿತ್ತು. ಸಾಸಿವೆಗಿಂತ ತುಸು ದಪ್ಪ, ಕಪ್ಪಗೆ, ಒಂದಕ್ಕೊಂದು ಕೂದಲಲ್ಲಿ ಪೋಣಿಸಿಕೊಂಡಿದ್ದ ಎರಡು ಮೂರು ಒಣ ಕಾಳು. ಆರೋಗ್ಯದ ಹಿಕ್ಕೆ ಕಡಲೆಯಷ್ಟಿರುತ್ತದೆ, ಬೆರಳಲ್ಲಿ ಒತ್ತಿದರೆ ಹುಲ್ಲಿನ ಪುಡಿಯಾಗುತ್ತದೆ, ಇದು ಅದಲ್ಲ. ಆದರೂ ಕರುಳು ಚಲಿಸಿತ್ತು. ಅದರ ಫೋಟೋ ತೆಗೆದು ಮಗಳಿಗೆ ವಾಟ್ಸಾಪ್ ಮಾಡಿದೆ. ಅವಳು ಎಚ್ಚರವೇ ಇದ್ದಳು, ತಕ್ಷಣ ಅಳುವ ಮುಖಗಳ ಸಾಲು ಕಳಿಸಿದಳು. ಅತ್ತೆ ಸ್ನಾನ ಮುಗಿಸಿ ಬಂದವರು ಟ್ರೇಗೆ ಬಗ್ಗಿ ನೋಡಿ "ಆಯ್ತಲ್ಲ, ಇನ್ನು ಕಾಫಿ ಕುಡಿ" ಅಂದರು. ಆ ಸಂತೋಷದಲ್ಲಿ ನನ್ನ ಪಾಲು, ಆಡಿಟ್ಟಿನ ಪಾಲು ಇರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಇಡೀ ಪ್ರಕರಣದಲ್ಲಿ ನಾನು ಹಾಗೆ ಹೇಳಬಹುದಾದದ್ದು ಅದೊಂದೇ.

ಮೂಲ ಕಾರಣ ದವಡೆ ಹಲ್ಲು. ಮೊಲದ 28 ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ, ಒರಟು ಹುಲ್ಲು ಅಗಿದಗಿದೇ ಸವೆಯಬೇಕು. ಗುಂಡನ ಹಿಂದಿನ ಹಲ್ಲೊಂದು ಮೊನೆಯಾಗಿ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ಅರಿವಳಿಕೆ ಕೊಟ್ಟು ಅದನ್ನು ತೇಯಿಸಿದ್ದಾಯಿತು. ಮತ್ತೆ ಬೆಳೆಯುತ್ತದೆ, ಮತ್ತೆ ತೇಯಬೇಕು, ನಡುವೆ ಹೊಟ್ಟೆ ಮತ್ತೆ ಕೆಡಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಪ್ಯಾಕೆಟ್ಟಿನಲ್ಲಿ ಬರುವ ಪರದೇಶದ ಹುಲ್ಲು ದುಬಾರಿ. ಅದರ ಜೊತೆಗೆ ಅತ್ತೆ ದಿನಾ ಬೆಳಿಗ್ಗೆ ಪಾರ್ಕಿನ ಬೇಲಿಯಾಚೆ, ನಾಯಿ ಓಡಾಡದ ಜಾಗದಿಂದ ಗರಿಕೆ ಕಿತ್ತು ತರುತ್ತಾರೆ. ಗಣಪತಿಗೆ ಇಪ್ಪತ್ತೊಂದು ಎಳೆ, ಉಳಿದದ್ದೆಲ್ಲ ಗುಂಡನಿಗೆ.

ಹೋದ ತಿಂಗಳು ಮತ್ತೆ ತಿನ್ನುವುದು ನಿಲ್ಲಿಸಿದ. ಈ ಸಲ ಬೇಗ ಗೊತ್ತಾಯಿತು, ಬೇಗ ಔಷಧಿ ಬಿತ್ತು. ನನಗೆ ಬ್ಯಾಂಕಿನಲ್ಲಿ ಕೆಲಸ ಜಾಸ್ತಿ ಎಂಬ ನೆಪ ಹೇಳಿ ಮಧ್ಯಾಹ್ನದ ಸಿರಿಂಜನ್ನು ಯಜಮಾನರ ಕೈಗೆ ಕೊಟ್ಟೆ. ಕೆಲಸ ಎಂದಿನಷ್ಟೇ ಇತ್ತು. ಅವರ ಕೈಗೂ ಅವನು ಹೆದರಲಿ, ಅವರನ್ನು ಕಂಡೂ ಕಾಲು ಬಡಿಯಲಿ ಎಂಬುದು ನನ್ನ ಲೆಕ್ಕ. ಟವೆಲ್ ಸುತ್ತುವುದನ್ನು, ಸಂದಿ ಹುಡುಕುವುದನ್ನು ರಜೆಯ ದಿನ ಹೇಳಿಕೊಟ್ಟಿದ್ದೆ. ಅವರು ಶ್ರದ್ಧೆಯಿಂದ ಮಾಡಿದರು, ಅಂಗಿಗೆಲ್ಲ ಹಸಿರು ಮೆತ್ತಿಸಿಕೊಂಡರು. ಗುಂಡ ಕೊಸರಿಕೊಂಡು ಮಂಚದ ಕೆಳಗೆ ಓಡಿದನಂತೆ. ಸಂಜೆ ನಾನು ಬರುವಷ್ಟರಲ್ಲಿ ಅವರ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿದ್ದ.

"ಪರವಾಗಿಲ್ಲ ಕಣೇ, ಇನ್ಮೇಲೆ ನಾನೇ ಕೊಡ್ತೀನಿ" ಅಂದರು. ಬೇಡ, ನಿಮಗೆ ಅಳತೆ ಗೊತ್ತಾಗಲ್ಲ ಅಂದೆ. ಅಳತೆ ಸಿರಿಂಜಿನ ಮೇಲೇ ಗೆರೆ ಎಳೆದು ಬರೆದಿರುತ್ತದೆ.