ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಪಾಠಶಾಲೆಯ ಗೋಡೆಗಳು ಕೇಳಿದಷ್ಟು ಮತ್ತಾವ ಗೋಡೆಗಳೂ ಕೇಳಿರಲಾರವು. ಲೇಖನಿಯನ್ನು ದೂರುವ ಬಾಲಕನಿಗೆ ಅಧ್ಯಾಪಕರು ಕೊಡುವ ಸಿದ್ಧೋತ್ತರವದು. ಗಾದೆಯೇನೂ ಸುಳ್ಳಲ್ಲ. ಆದರೆ ಎಂದಾದರೊಮ್ಮೆ ನೆಲವೂ ನಿಜವಾಗಿ ಡೊಂಕಿರಬಹುದೆಂಬುದನ್ನು ನಿವೃತ್ತ ಕನ್ನಡ ಪಂಡಿತರೊಬ್ಬರು ಎಪ್ಪತ್ತರ ಹೊಸ್ತಿಲಲ್ಲಿ ಒಂದು ಲ್ಯಾಪ್‌ಟಾಪಿನಿಂದ ಕಲಿಯಬೇಕಾಯಿತು.

ಆ ಪಂಡಿತರ ವಿದ್ಯಾಗುರುಗಳು ಕೇಶಿರಾಜನ ಶಬ್ದಮಣಿದರ್ಪಣಕ್ಕೆ ಬರೆದಿಟ್ಟಿದ್ದ ಟಿಪ್ಪಣಿಗಳು ನಾಲ್ಕು ನೋಟುಪುಸ್ತಕಗಳಲ್ಲಿ ಉಳಿದುಕೊಂಡಿದ್ದವು. ಕಾಗದ ಹಳದಿಗಟ್ಟಿ ಅಂಚುಗಳು ಪುಡಿಯಾಗತೊಡಗಿದ್ದುವು. ಅವು ಪೂರ್ತಿಯಾಗಿ ಮಣ್ಣುಪಾಲಾಗುವ ಮೊದಲೇ ಅಚ್ಚಿಗೆ ಅಣಿಗೊಳಿಸುವುದು ಗುರುಋಣವೆಂದು ಬಗೆದು, ಮಗನು ಬಳಸಿ ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪನ್ನು ಮುಂದಿರಿಸಿಕೊಂಡು ಪಂಡಿತರು ದಿನಕ್ಕೆರಡು ಪುಟದಂತೆ ಅಕ್ಷರ ಕೂಡಿಸತೊಡಗಿದರು.

ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲಿ ಅಡಗಿಸಿದ ಜಾಣ್ಮೆ ಕೆ. ಪಿ. ರಾವ್ ಅವರದು. ಅವರು ರೂಪಿಸಿದ ವಿನ್ಯಾಸವೇ ಕೆಲವು ಮಾರ್ಪಾಡುಗಳೊಡನೆ ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸವೂ ಆಯಿತು. ಅದರಲ್ಲಿ 'ಎಫ್' ಕೀಲಿಯ ಕೆಲಸವೇ ವಿಶಿಷ್ಟ. ಅದು ತಾನೊಂದು ಅಕ್ಷರವಲ್ಲ. ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಅದನ್ನು ನಡುವೆ ಒತ್ತಿದರೆ ಮುಂದಿನ ವ್ಯಂಜನವು ಹಿಂದಿನದಕ್ಕೆ ಒತ್ತಾಗಿ ಕೂಡುತ್ತದೆ. ಸಂಯುಕ್ತಾಕ್ಷರಗಳಿಂದ ತುಂಬಿದ ವ್ಯಾಕರಣಗ್ರಂಥವನ್ನು ಬರೆಯುವವರ ಎಡತೋರುಬೆರಳಿಗೆ ಆ ಕೀಲಿಯಿಂದ ಬಿಡುವೆಲ್ಲಿಯದು?

ಆರನೆಯ ತಿಂಗಳಿಗೆ ಕೀಲಿಮಣೆ ಸಡಿಲವಾಯಿತು. ಕೈಯಿಟ್ಟರೆ ಎಡಭಾಗ ಅಲುಗಾಡುವುದು, ಒತ್ತಿದರೆ ಬಳುಕುವುದು. 'ಎಫ್' ಕೀಲಿ ಓರೆಯಾಗಿ ನಿಂತು, ನಾಲ್ಕು ಸಲ ಒತ್ತಿದರೆ ಒಂದು ಸಲ ಮಾತು ಕೇಳುವುದು. 'ಅಕ್ಕ' ಹೋಗಿ 'ಅಕಕ'ವಾಯಿತು. 'ಕನ್ನಡ' ಹೋಗಿ 'ಕನನಡ'ವಾಯಿತು. 'ತಪ್ಪು' ಎಂದು ಬರೆಯಹೋದರೆ 'ತಪಪು' ಎಂದೇ ಮೂಡಿತು. ಕೇಶಿರಾಜನು ಶಿಥಿಲದ್ವಿತ್ವವನ್ನು ಹೇಳಿದ್ದಾನಲ್ಲದೆ ಈ ಲುಪ್ತದ್ವಿತ್ವವನ್ನು ಹೇಳಲಿಲ್ಲವಲ್ಲ ಎಂದು ಪಂಡಿತರು ಮೊದಮೊದಲು ನಕ್ಕರು. ಆಮೇಲೆ ನಗೆ ಉಳಿಯಲಿಲ್ಲ. ಇನ್ನೂ ಬಲವಾಗಿ ಒತ್ತಿದರು. ಕಾಗದದ ಚೂರನ್ನು ಮಡಿಸಿ ಸಂದಿಗೆ ಸಿಕ್ಕಿಸಿದರು. ಕೊನೆಗೆ, ಉಬ್ಬಿದ್ದು ಅಮರಲೆಂದು ಯಂತ್ರವನ್ನು ಮುಚ್ಚಿ, ಅದರ ಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಿಂದ ಎರಡು ಸಂಪುಟಗಳನ್ನು ತೆಗೆದು ರಾತ್ರಿಯಿಡೀ ಹೇರಿದರು. ಬೆಳಗಾಗುವಾಗ ಡೊಂಕು ಇನ್ನಷ್ಟು ಹೆಚ್ಚಿತ್ತು.

ಪೇಟೆಬೀದಿಯಲ್ಲಿ ಗಣಕಯಂತ್ರಗಳನ್ನು ದುರಸ್ತಿ ಮಾಡುವ ಅಂಗಡಿಯೊಂದಿತ್ತು. ಪಂಡಿತರು ಒಳಗೆ ಕಾಲಿಡುತ್ತಲೇ ದಪ್ಪ ಕನ್ನಡಕದ ಮಾಲೀಕನು ಎದ್ದು ಬಂದು ಪಾದ ಮುಟ್ಟಿದನು. ಮೂವತ್ತೈದು ವರ್ಷಗಳ ಹಿಂದಿನ ಶಿಷ್ಯ. ಪಂಡಿತರಿಗೆ ಗುರುತು ಹತ್ತಲಿಲ್ಲ.

ಅವನು ಯಂತ್ರವನ್ನು ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಬಾಗಿ ನೋಡಿದನು. ಕೂಡಲೇ ವಿದ್ಯುತ್ತಿನ ತಂತಿಯನ್ನು ಕಿತ್ತು ಯಂತ್ರವನ್ನು ಆರಿಸಿದನು.

"ಗುರುಗಳೇ, ಇದನ್ನು ಒತ್ತಿ ಕೂರಿಸಲು ಹೋಗಿದ್ದಿರಾ?"

"ಹೌದಪ್ಪಾ. ನಿಘಂಟು ಹೇರಿದ್ದೆ."

"ದೇವರು ದೊಡ್ಡವನು," ಎಂದು ಅವನು ನಿಟ್ಟುಸಿರಿಟ್ಟನು.

ಅನಂತರ ಅವನು ಬಿಡಿಸಿ ಹೇಳಿದನು. ತೆಳುವಾದ ಯಂತ್ರಗಳಲ್ಲಿ ಕೀಲಿಮಣೆಯ ನಡುಭಾಗ ತುಸು ಬಳುಕುವುದು ಸಹಜ, ಅದು ದೋಷವಲ್ಲ. ಹಿಂದೆ ಯಾರಾದರೂ ಬಿಚ್ಚಿ ಜೋಡಿಸುವಾಗ ಒಂದೆರಡು ಸ್ಕ್ರೂ ಬಿಟ್ಟಿದ್ದರೆ, ಅಥವಾ ಅಂಚಿನ ಹಿಡಿಕೊಕ್ಕೆ ಸರಿಯಾಗಿ ಕೂರದಿದ್ದರೆ, ಬಳುಕು ಹೆಚ್ಚುತ್ತದೆ, ಬಿಗಿದರೆ ಸರಿಹೋಗುತ್ತದೆ. ಒಂದೇ ಕೀಲಿ ಸಡಿಲವಾಗಿದ್ದರೆ ಅದರಡಿಯ ಕತ್ತರಿಯಾಕಾರದ ಪುಟ್ಟ ಪ್ಲಾಸ್ಟಿಕ್ ತುಂಡು ಜಾರಿರುತ್ತದೆ. ಆದರೆ ಕೀಲಿಮಣೆ ಕುಗ್ಗುವುದರ ಬದಲು ಉಬ್ಬಿ ಅಲುಗಾಡಿದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ, ಸಂಶಯಪಡಬೇಕಾದುದು ಕೆಳಗಿರುವ ಬ್ಯಾಟರಿಯನ್ನು. ಲಿಥಿಯಮ್-ಅಯಾನ್ ಬ್ಯಾಟರಿ ಹಳತಾದಾಗ ಒಳಗೆ ಅನಿಲ ಹುಟ್ಟಿ ಚೀಲದಂತೆ ಊದಿಕೊಳ್ಳುವುದುಂಟು. ಅದನ್ನು ಒತ್ತಿದರೆ, ಚುಚ್ಚಿದರೆ, ಮತ್ತೆ ಮತ್ತೆ ವಿದ್ಯುತ್ ತುಂಬಿಸಿದರೆ ಬೆಂಕಿ ಹೊತ್ತಬಹುದು.

ಬಿಚ್ಚಿದಾಗ ಅವನ ಮಾತು ಪ್ರತ್ಯಕ್ಷವಾಯಿತು. ತಲೆದಿಂಬಿನಂತೆ ಉಬ್ಬಿದ್ದ ಬ್ಯಾಟರಿ ಲೋಹದ ತಗಡನ್ನು ಕೆಳಗಿನಿಂದ ನೂಕಿ, ಹಿಡಿಕೊಕ್ಕೆಗಳನ್ನು ಮುರಿದು, 'ಎಫ್' ಕೀಲಿಯನ್ನು ಓರೆ ಮಾಡಿತ್ತು. ನೋಟುಪುಸ್ತಕಗಳು ಅದೇ ಮೇಜಿನ ಮೇಲೆ, ನಿಘಂಟಿನ ಪಕ್ಕದಲ್ಲೇ ಇದ್ದುದನ್ನು ನೆನೆದು ಪಂಡಿತರ ಮೈ ನಡುಗಿತು. ಶಿಷ್ಯನು ಬ್ಯಾಟರಿಯನ್ನು ಜೋಪಾನವಾಗಿ ಬೇರೆ ತೆಗೆದಿರಿಸಿ, ಇಂತಹುದನ್ನು ಮನೆಯ ಕಸಕ್ಕೆ ಹಾಕಬಾರದೆಂದೂ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲಿರಿಸಿವೆಯೆಂದೂ ತಿಳಿಸಿದನು.

"ದೋಷ ಕೀಲಿಯದಲ್ಲ ಗುರುಗಳೇ, ಅದರ ಕೆಳಗಿನದು. ಕೆಳಗೆ ನೋಡದೆ ಮೇಲೆ ಒತ್ತಬಾರದು," ಎಂದನು. ಆಮೇಲೆ ನಗುತ್ತಲೇ ಸೇರಿಸಿದನು: "ಒತ್ತಕ್ಷರ ನುಂಗುತ್ತಿದ್ದೆನೆಂದು ನೀವು ನನ್ನಿಂದ ನೂರು ಸಲ ಬರೆಸುತ್ತಿದ್ದಿರಿ. ನೆನಪಿದೆಯೇ?"

ಆಗ ಪಂಡಿತರಿಗೆ ನೆನಪಾಯಿತು. ಕೊನೆಯ ಸಾಲಿನ ಹುಡುಗ. ಕರಿಹಲಗೆಯ ಮೇಲಿನದನ್ನು ನಕಲು ಮಾಡುವಾಗ 'ಕನನಡ' ಎಂದೇ ಬರೆಯುತ್ತಿದ್ದವನು. ಹಲಗೆ ಕಾಣುವುದಿಲ್ಲವೆಂದಾಗ ತರಗತಿಯೆಲ್ಲ ನಗುವಂತೆ ನೆಲಡೊಂಕಿನ ಗಾದೆ ಹೇಳಿ ಕೂರಿಸಿದ್ದರು. ಒಂಬತ್ತನೆಯ ತರಗತಿಯಲ್ಲಿ ಕನ್ನಡದಲ್ಲೇ ಅನುತ್ತೀರ್ಣನಾಗಿ ಅವನು ಶಾಲೆ ಬಿಟ್ಟಿದ್ದನು. ಮುಂದೆ ಕೆಲಸಕ್ಕೆ ಸೇರಿದ ರೇಡಿಯೋ ಅಂಗಡಿಯ ಯಜಮಾನರು, ಅವನು ಪ್ರತಿಯೊಂದನ್ನೂ ಮೂಗಿಗೆ ತಾಗಿಸಿ ನೋಡುವುದನ್ನು ಕಂಡು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರಂತೆ. ಕನ್ನಡಕ ಹಾಕಿಕೊಂಡ ದಿನವೇ, ಅಂಗಡಿಗಳ ಹೆಸರುಹಲಗೆಗಳಲ್ಲಿ ಅಕ್ಷರಗಳ ಕೆಳಗೆ ಅಷ್ಟೊಂದು ಒತ್ತುಗಳಿರುವುದು ಅವನಿಗೆ ಮೊದಲ ಬಾರಿ ದೂರದಿಂದ ಕಂಡದ್ದು.

ಹೇಳಿದವನ ದನಿಯಲ್ಲಿ ದೂರು ಇರಲಿಲ್ಲ. ಅದರಿಂದಲೇ ಪಂಡಿತರಿಗೆ ತಲೆಯೆತ್ತಲಾಗಲಿಲ್ಲ. "ತಪ್ಪಾಯಿತಪ್ಪಾ," ಎಂದರು. ಶಿಷ್ಯನು "ಬಿಡಿ ಗುರುಗಳೇ," ಎಂದು ಹೊಸ ಕೀಲಿಮಣೆಯ ಕೊನೆಯ ಸ್ಕ್ರೂ ಬಿಗಿಯುವುದರಲ್ಲಿ ಮಗ್ನನಾದನು. ದುಡ್ಡು ಬೇಡವೆಂದನು, ಪಂಡಿತರು ಬಲವಂತವಾಗಿ ಕೈಯಲ್ಲಿಟ್ಟರು.

ನಾಲ್ಕು ನೋಟುಪುಸ್ತಕಗಳಲ್ಲಿ ಮೂರು ಈಗ ಮುಗಿದಿವೆ. ಒತ್ತುಗಳೆಲ್ಲ ತಂತಮ್ಮ ಸ್ಥಾನದಲ್ಲಿವೆ. ಶಾಲೆ ತೆರೆಯುವ ಮೊದಲ ವಾರ ಪಂಡಿತರು ತಾವು ಪಾಠ ಹೇಳಿದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರಲ್ಲಿ ಒಂದೇ ಒಂದು ಬೇಡಿಕೆಯಿಟ್ಟರು: ನಕಲು ಬರೆಯುವಾಗ ಒತ್ತು ಬಿಡುವ ಮಗುವಿಗೆ ಶಿಕ್ಷೆ ಕೊಡುವ ಮೊದಲು ಅದನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮತ್ತೊಮ್ಮೆ ಬರೆಸಿ ನೋಡಬೇಕು. ಆ ವಾರ ಹಾಗೆ ಮುಂದೆ ಬಂದು ಕುಳಿತವರು ಮೂವರು. ಅವರಲ್ಲಿ ಇಬ್ಬರು ಒಂದೂ ತಪ್ಪಿಲ್ಲದೆ ಬರೆದರು. ಮರುದಿನವೇ ಅವರಿಬ್ಬರನ್ನೂ ಕಣ್ಣಿನ ಪರೀಕ್ಷೆಗೆ ಕಳುಹಿಸಲಾಯಿತು.