ಡಿಸ್ಚಾರ್ಜ್ ಆದ ಮೇಲಿನ ದಿನಗಳು

ನಮ್ಮ ದೊಡ್ಡಮ್ಮನಿಗೆ 78 ವರ್ಷ. ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆ ಹತ್ತಿರ ಅಡಿಕೆ ತೋಟದ ನಡುವೆ ಮನೆ. ಮಗ ಮಸ್ಕತ್‌ನಲ್ಲಿ, ಮಗಳನ್ನು ಕೊಟ್ಟದ್ದು ಮೂಡುಬಿದಿರೆಗೆ. ಒಂದೇ ವರ್ಷದಲ್ಲಿ ಅವರು ಐದು ಸಲ ಆಸ್ಪತ್ರೆ ಸೇರಿದರು. ಬೆಳ್ತಂಗಡಿಯಲ್ಲಿ ಎರಡು ಸಲ, ಮಗಳ ಮನೆಯಲ್ಲಿದ್ದಾಗ ಮೂಡುಬಿದಿರೆಯಲ್ಲಿ ಎರಡು ಸಲ, ಬಂಟ್ವಾಳದ ನಮ್ಮ ಮನೆಗೆ ಬಂದಿದ್ದಾಗ ಇಲ್ಲಿ ಒಂದು ಸಲ. ಮೂರು ಊರಿನ ಫೈಲುಗಳು ಒಂದೇ ತೊಟ್ಟೆಯಲ್ಲಿವೆ. ಒಂದು ಊರಿನ ಡಾಕ್ಟರು ಬರೆದದ್ದನ್ನು ಇನ್ನೊಂದು ಊರಿನವರು ನೋಡಬೇಕಾದರೆ ಆ ತೊಟ್ಟೆಯೇ ಗತಿ.

ಮದುವೆಯೊಂದರಲ್ಲಿ ಯಾರೋ, "ಅವರಿಗೆ ಆಸ್ಪತ್ರೆ ಅಂದ್ರೆ ತವರುಮನೆ" ಎಂದು ನಕ್ಕರು. ಮನೆಗೆ ಬಂದು ಐದೂ ಡಿಸ್ಚಾರ್ಜ್ ಸಮ್ಮರಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಓದಿದೆ. ಐದರಲ್ಲೂ ಕಾಯಿಲೆ ಒಂದೇ, ಹೃದಯ ವೈಫಲ್ಯ. ಹೃದಯ ನಿಂತುಹೋಗುವುದಲ್ಲ, ಅದರ ಕೆಲಸ ಮಾಡುವ ಶಕ್ತಿ ಕುಂದುವುದು. ಆಗ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ. ಪಾದ ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ನೀರು ಇಳಿಸುತ್ತಾರೆ, ನಾಲ್ಕೈದು ದಿನದಲ್ಲಿ ಮನೆಗೆ ಕಳಿಸುತ್ತಾರೆ.

ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ ಬೇಕು. ಮಳೆಗಾಲದಲ್ಲಿ ಒಣಮೀನು, ಉಪ್ಪಿಗೆ ಹಾಕಿದ ಹಲಸಿನ ಸೊಳೆ. "ಉಪ್ಪು ಕಡಿಮೆ ಮಾಡಿ" ಎಂಬ ಮಾತು ದೊಡ್ಡಮ್ಮನಿಗೆ ಅರ್ಥವಾದದ್ದು ಸಾರಿನ ಉಪ್ಪಿನ ಮಟ್ಟಿಗೆ ಮಾತ್ರ. ನೀರಿನ ಮಾತ್ರೆಯದ್ದು ಇನ್ನೊಂದು ಕಥೆ. ತಿಂದರೆ ಮತ್ತೆ ಮತ್ತೆ ಬಚ್ಚಲಿಗೆ ಹೋಗಬೇಕು. ಹಾಗಾಗಿ ಚೆಕಪ್ಪಿಗೆ ಹೊರಟ ದಿನ ಅದನ್ನು ಬಿಡುತ್ತಾರೆ. "ನನಗೋಸ್ಕರ ಬಸ್ ನಿಲ್ಲಿಸ್ತಾರಾ ಮಗಾ?" ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆಸ್ಪತ್ರೆಗೆ ಹೋಗುವ ದಿನವೇ ಆಸ್ಪತ್ರೆಯವರು ಬರೆದ ಮಾತ್ರೆ ತಪ್ಪುತ್ತದೆ.

ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಮಂಗಳೂರಿನ ವೆನ್ಲಾಕ್ 1848ರಿಂದ ಇದೆ, ಮೆಡಿಕಲ್ ಕಾಲೇಜುಗಳೂ ಹಲವು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಷ್ಟೋ ಮನೆಗಳು ಸಾಲದಿಂದ ಉಳಿದದ್ದು ಅದರಿಂದ. ಆದರೆ ಆ ಕಾರ್ಡು ಹೆಚ್ಚಾಗಿ ಕೆಲಸಕ್ಕೆ ಬರುವುದು ಅಡ್ಮಿಟ್ ಆದಾಗ. ಮನೆಗೆ ಬಂದ ಮೇಲೆ ಕಾಲು ಒತ್ತಿ ನೋಡುವವರು ಯಾರು?

ತಲಪಾಡಿ ದಾಟಿದರೆ ಕೇರಳ. ಅಲ್ಲಿ 2008ರಲ್ಲಿ ಉಪಶಾಮಕ ಆರೈಕೆಗೆಂದು ಸರ್ಕಾರವೇ ನೀತಿ ಮಾಡಿತು. ಪಂಚಾಯತಿನ ಮೂಲಕ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಕಾಸರಗೋಡಿನ ನಮ್ಮ ನೆಂಟರಿಗೆ ಇದು ಹೊಸ ಸುದ್ದಿಯೇ ಅಲ್ಲ.

ಐದನೆಯ ಸಲ ಬಿಡುಗಡೆಯಾದಾಗ ಡಾಕ್ಟರು, "ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಕಾಯಬೇಡಿ, ಫೋನ್ ಮಾಡಿ" ಎಂದರು. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇತ್ತು, ಮನುಷ್ಯರು ನಿಲ್ಲುವಂಥದ್ದು ಇರಲಿಲ್ಲ. ಒಂದನ್ನು ತಂದೆವು. ಈಗ ಚಹಾಕ್ಕೆ ಮೊದಲು ದೊಡ್ಡಮ್ಮ ಅದರ ಮೇಲೆ ನಿಂತು, ಮೂಡುಬಿದಿರೆಗೆ ಫೋನ್ ಮಾಡಿ ಅಂಕಿ ಹೇಳುತ್ತಾರೆ. ಆಟಿಯಲ್ಲಿ ಒಮ್ಮೆ ತೂಕ ಏರಿತು. ಮಗಳು ಡಾಕ್ಟರನ್ನು ಕೇಳಿದಳು, ಅವರು ಮಾತ್ರೆ ಹೆಚ್ಚಿಸಿದರು, ಅಡ್ಮಿಟ್ ಆಗುವುದು ತಪ್ಪಿತು.

ಪಕ್ಕದ ತೋಟದ ಅಜ್ಜನಿಗೂ ಇದೇ ಕಾಯಿಲೆ. ಅವರಿಗೆ ಬೆಳಿಗ್ಗೆ ಅಂಕಿ ಹೇಳಲಿಕ್ಕೆ ಯಾರೂ ಇಲ್ಲ. ಈ ಮಳೆಗಾಲದಲ್ಲಿ ಅವರು ಮೂರನೆಯ ಸಲ ವಾರ್ಡಿನಲ್ಲಿದ್ದಾರೆ.